ಆಯಿ ಶಾಲೆಗೆ ಬರುವುದು ಬೇಡವಂತೆ

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಮಗಳು ಮೂರನೇ ತರಗತಿ. ಶಾಲೆಯ ಅಜ್ಜ-ಅಜ್ಜಿಯರ ದಿನಕ್ಕೆ ನಮ್ಮ ಅತ್ತೆಯವರನ್ನು ಕಳುಹಿಸುತ್ತೇವೆ ಎಂದರೆ, ‘ಆಯಿ ಬೇಡ, ಅವಳು ಮಾತನಾಡಿದರೆ ಟಿ.ವಿ. ಕಾಮಿಡಿ ಎಂದು ಎಲ್ಲರೂ ನಗುತ್ತಾರೆ’ ಎಂದು ಅತ್ತಳು. ಅತ್ತೆಯವರು ಪಕ್ಕದ ಕೋಣೆಯಲ್ಲೇ ಇದ್ದರು, ಕೇಳಿಸಿಕೊಂಡರೋ ಏನೋ. ಟಿ.ವಿ.ಯನ್ನೇ ತೆಗೆದುಬಿಡೋಣ ಎನ್ನುತ್ತಾರೆ ಯಜಮಾನರು. ಏನು ಮಾಡಲಿ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಕೇಳಿಸಿಕೊಂಡಿರುತ್ತಾರಮ್ಮ. ಅಜ್ಜಿಯರಿಗೆ ಕಿವಿ ಮಂದವಾಗುವುದು ಮಾತ್ರೆ ನುಂಗಿ ಎಂದಾಗ ಮಾತ್ರ.

ಮಗಳನ್ನು ಬೈಯಬೇಡಿ. ನಾನು ಗದಗ ಸೀಮೆಯವನು. 1974ರಲ್ಲಿ ಓದಲು ಮೈಸೂರಿಗೆ ಹೋದೆ. ‘ಹೌದ್ರಿ’ ಎಂದರೆ ಸಾಕು, ಹಾಸ್ಟೆಲಿನ ಊಟದ ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ಆರು ತಿಂಗಳಲ್ಲಿ ನಾಲಿಗೆ ತಿದ್ದಿಕೊಂಡೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹೊತ್ತು ಬಂದಾಗ ಗೇಟಿನ ಹೊರಗೇ ಮಾತನಾಡಿಸಿ ಬಸ್ಸು ಹತ್ತಿಸಿದೆ. ನನಗಾಗ ಹದಿನೇಳು. ನಿಮ್ಮ ಮಗಳು ನನಗಿಂತ ಪ್ರಾಮಾಣಿಕಳು, ಅತ್ತು ಹೇಳಿದ್ದಾಳೆ.

ನಮ್ಮ ಸಿನಿಮಾ, ಧಾರಾವಾಹಿಗಳಲ್ಲಿ ನಾಯಕ ಪ್ರೀತಿಸುವುದು, ವಕೀಲ ವಾದಿಸುವುದು, ಡಾಕ್ಟರು ಧೈರ್ಯ ಹೇಳುವುದು ಹೆಚ್ಚಾಗಿ ಬೆಂಗಳೂರು-ಮೈಸೂರಿನ ಕನ್ನಡದಲ್ಲಿ. ಉತ್ತರದ ಕನ್ನಡದ ಪಾಲಿಗೆ ಬರುವುದು ಪೇದೆ, ಕಾವಲುಗಾರ, ಮನೆಗೆಲಸದವಳು. ಅವರು ಬಾಯಿ ತೆರೆದರೆ ಹಿಂದೆಯೇ ನಗೆಯ ಸದ್ದು. ಮಂಗಳೂರಿನ ಕನ್ನಡವೂ ಬಹುಕಾಲ ಹೋಟೆಲ್ ಭಟ್ಟರ ಬಾಯಲ್ಲೇ ಉಳಿದಿತ್ತು. 2022ರಲ್ಲಿ ‘ಕಾಂತಾರ’ದ ನಾಯಕ ಕರಾವಳಿಯ ಕನ್ನಡದಲ್ಲೇ ಗುಡುಗಿದ, ರಾಜ್ಯವೆಲ್ಲ ನೋಡಿತು. ಮಗು ಕುಳಿತು ಇದನ್ನೆಲ್ಲ ಎಣಿಸುವುದಿಲ್ಲ. ಆದರೂ ಯಾವ ಮಾತಿಗೆ ಎಷ್ಟು ಬೆಲೆ ಎಂಬುದು ಅದಕ್ಕೆ ತಿಳಿದುಬಿಟ್ಟಿರುತ್ತದೆ.

ಟಿ.ವಿ. ತೆಗೆದು ಫಲವಿಲ್ಲ, ತರಗತಿಯ ಉಳಿದ ಮಕ್ಕಳ ಮನೆಯ ಟಿ.ವಿ.ಗಳನ್ನು ಯಜಮಾನರು ತೆಗೆಯಲಾರರು. ಬದಲಿಗೆ ಒಂದು ವಾರ ಜೊತೆಗೆ ಕುಳಿತು ನೋಡಿ. ಆಯಿಯ ಹಾಗೆ ಮಾತನಾಡುವವರು ಯಾರು, ಅವರಿಗೆ ಕೊಟ್ಟಿರುವ ಕೆಲಸವೇನು ಎಂದು ಅವಳೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ದೊಡ್ಡವರ ಮೋಸ ಹಿಡಿಯುವುದೆಂದರೆ ಆ ವಯಸ್ಸಿಗೆ ಬಲು ಇಷ್ಟ. ಇದೇ ನುಡಿಯಲ್ಲಿ ಹಾಡಿದ ಧಾರವಾಡದ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂತೆಂದು ಹೇಳಿ, ಆದರೆ ಒಮ್ಮೆ ಮಾತ್ರ. ಪ್ರಶಸ್ತಿಯ ಮಾತಿನಿಂದ ಯಾವ ಮಗುವೂ ಅಳು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು, ಬೇಸರಿಸಬೇಡಿ. ಮನೆ ಮಾಲೀಕರ ಫೋನ್ ಬಂದಾಗ ನಿಮ್ಮ ಕನ್ನಡ ಬದಲಾಗುತ್ತದೆಯೇ? ಆಗುವುದಾದರೆ ಅದನ್ನೂ ಅವಳು ಕೇಳಿಸಿಕೊಂಡಿದ್ದಾಳೆ.

ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಹೆಣೆದು ಒಡಪು ಹೇಳುವುದು ಅತ್ತೆಯವರಿಗೆ ಗೊತ್ತಿರಬೇಕಲ್ಲ? ಮೊಮ್ಮಗಳು ಎರಡು ಒಡಪು ಕಲಿತು, ಗೆಳತಿಯರ ಹೆಸರು ಸೇರಿಸಿ ಆಯಿಯ ಜೊತೆಯಲ್ಲೇ ಶಾಲೆಯಲ್ಲಿ ಹೇಳಲಿ. ಈ ವರ್ಷ ಒಪ್ಪದಿದ್ದರೆ ಬಲವಂತ ಬೇಡ. ಆದರೆ ಆಯಿಗೆ ಸುಳ್ಳು ನೆಪ ಹೇಳಬೇಡಿ. ‘ಹಾಸ್ಟೆಲಿನೊಳಗೆ ಹೆಂಗಸರನ್ನು ಬಿಡುವುದಿಲ್ಲ’ ಎಂದು ನಾನು ಅವ್ವನಿಗೆ ಹೇಳಿದ್ದೆ. ಆಗಷ್ಟೇ ಇನ್ನೊಬ್ಬ ಹುಡುಗನ ತಾಯಿ ಒಳಗಿನಿಂದ ನಡೆದು ಬಂದಿದ್ದರು. ಅವ್ವ ಅವರನ್ನು ನೋಡಿದಳು, ಗಂಟನ್ನು ನನ್ನ ಕೈಗಿಟ್ಟು ಸೆರಗು ಸರಿಮಾಡಿಕೊಂಡಳು.