ಸರ್ಕಾರಿ ಆಸ್ಪತ್ರೆಗೆ ಬರುವ ಬಾಯಿ ಕ್ಯಾನ್ಸರ್‌ನವರೆಲ್ಲ ಗುಟ್ಕಾ ತಿಂದವರೇನಾ?

ಅಮ್ಮನ ಕಿವಿನೋವು ತೋರಿಸಲು ದಾವಣಗೆರೆಯ ಸರ್ಕಾರಿ ಆಸ್ಪತ್ರೆಗೆ ಹೋದಾಗ ಸಾಲಿನಲ್ಲಿ ಬಾಯಿ, ಗಂಟಲು ಕ್ಯಾನ್ಸರ್‌ನವರು ತುಂಬಾ ಜನ ಕಂಡರು, ಅಜ್ಜಿಯರೂ ಇದ್ದರು, ಎಲ್ಲರೂ ಗುಟ್ಕಾದವರಾ ಅಂತ ಕೇಳಿದ್ದೀರಿ. ನಾನು ಈ ಊರಲ್ಲೇ ಕಿವಿ ಮೂಗು ಗಂಟಲು ನೋಡುವ ಡಾಕ್ಟರ್. ಇಲ್ಲ, ಎಲ್ಲರೂ ಗುಟ್ಕಾದವರಲ್ಲ.

ಗಡ್ಡೆ ಎಲ್ಲಿದೆ ಅಂತ ನೋಡಿದರೆ ಚಟ ಯಾವುದೆಂದು ಅರ್ಧ ಗೊತ್ತಾಗುತ್ತದೆ. ಹಳ್ಳಿಯ ಅಜ್ಜಿಯರಿಗೆ ಹೆಚ್ಚಾಗಿ ಕೆನ್ನೆಯ ಒಳಗೆ, ಕೆಳವಸಡಿನಲ್ಲಿ. "ಯಾವ ಕಡೆ ಇಟ್ಕೋತೀಯಜ್ಜಿ?" ಅಂದರೆ ಸೊಂಟದ ಸಂಚಿ ಬಿಚ್ಚುತ್ತಾರೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಹುಣ್ಣು ಇರುವುದೂ ಅದೇ ಕಡೆ. ಬೀಡಿ ಜೊತೆ ಕುಡಿತವೂ ಇರುವ ಗಂಡಸರು ದನಿ ಒಡೆದಿದೆ, ಮುದ್ದೆ ಇಳಿಯಲ್ಲ ಅಂತ ಬರುತ್ತಾರೆ. ಅವರದು ಗಂಟಲಿನದು.

ಹುಡುಗರ ಕಥೆ ಬೇರೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಅಂಗೈಯಲ್ಲಿ ಬೆರೆಸಿದರೆ ಮತ್ತದೇ ಅಲ್ವಾ? "ಮಂಡಕ್ಕಿ ಜೊತೆ ಮಿರ್ಚಿ ಕಚ್ಚೋಕಾಗ್ತಿಲ್ಲ ಸಾರ್, ಉರಿ" ಅಂತ ಬರುತ್ತಾರೆ. ಬಾಯಿ ತೆಗೆಸಿದರೆ ಅವರದೇ ಮೂರು ಬೆರಳು ನೆಟ್ಟಗೆ ಒಳಗೆ ಹೋಗಬೇಕು, ಎರಡೂ ಹೋಗುವುದಿಲ್ಲ. ಕೆನ್ನೆಯೊಳಗೆ ಬಿಳಿಚಿಕೊಂಡು, ಹುರಿಹಗ್ಗದಂತೆ ಗಟ್ಟಿ ಎಳೆಗಳು. ಇದಿನ್ನೂ ಕ್ಯಾನ್ಸರ್ ಅಲ್ಲ, ಆದರೆ ಕೆಲವರಿಗೆ ಮುಂದೆ ಅದೇ ಆಗುತ್ತದೆ. ಇದಕ್ಕೆ ತಂಬಾಕೇ ಬೇಕಿಲ್ಲ, ಬರೀ ಅಡಿಕೆ ಸಾಕು. ಚನ್ನಗಿರಿ, ಭೀಮಸಮುದ್ರದ ಕಡೆಯವರಿಗೆ ಈ ಮಾತು ರುಚಿಸುವುದಿಲ್ಲ, ಅವರ ಹೊಟ್ಟೆಪಾಡು ಅದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ನನಗೆ ಚಟಕ್ಕಿಂತ ಸಂಕಟವಾಗುವುದು ತಡವಾಗಿ ಬರುವುದನ್ನು ನೋಡಿ. ಮೊದಮೊದಲು ನೋವೇ ಇರುವುದಿಲ್ಲ. ಬರಬೇಕೆಂದರೆ ಆ ದಿನದ ಕೂಲಿ ಹೋಗುತ್ತದೆ. ಮೆಡಿಕಲ್ ಶಾಪಿನ ಮುಲಾಮು, ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ತಿಂಗಳುಗಳು ಕಳೆಯುತ್ತವೆ. ಕುತ್ತಿಗೆಯಲ್ಲಿ ಗಂಟು ಎದ್ದ ಮೇಲೆ ಬರುತ್ತಾರೆ. ಮೊದಲೇ ಬಂದಿದ್ದರೆ ಎಷ್ಟೋ ಜನರಿಗೆ ಒಂದು ಆಪರೇಷನ್‌ಗೇ ಮುಗಿಯುತ್ತಿತ್ತು. ಈಗ ದವಡೆ ಮೂಳೆ ತೆಗೆದು, ಆರು ವಾರ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಬೇಕು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಹರಡುತ್ತದೆ ಅಂತ ಸುಮ್ನೆ ಹೆದರಿ ವಾಪಸ್ ಹೋಗುವವರೂ ಇದ್ದಾರೆ. ಹಾಗೇನೂ ಆಗುವುದಿಲ್ಲ.

ಅಂದಹಾಗೆ, ಆ ಸಾಲನ್ನು ನೋಡಿ ಇಡೀ ಜಿಲ್ಲೆಯ ಲೆಕ್ಕ ಹಾಕಬೇಡಿ. ದುಡ್ಡಿದ್ದವರು ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿಬಿಡುತ್ತಾರೆ. ನಮ್ಮಲ್ಲಿ ಕಾಣುವವರು ಹೆಚ್ಚಾಗಿ ಹಮಾಲರು, ಹೊಲದ ಕೂಲಿಯವರು.

ಅಮ್ಮನೂ ಎಲೆಅಡಿಕೆ ಹಾಕುತ್ತಾರೆ ಅಂತ ಬರೆದಿದ್ದೀರಿ. ಕಿವಿ ಚೆನ್ನಾಗಿದ್ದೂ ನೋವು ಹೋಗದಿದ್ದರೆ ಬಾಯಿ, ಗಂಟಲನ್ನೂ ತೋರಿಸಿ. ನಾಲಿಗೆ ಬುಡದ, ಗಂಟಲಿನ ಗಡ್ಡೆಯ ನೋವು ಎಷ್ಟೋ ಸಲ ಕಿವಿಯಲ್ಲೇ ಕಾಣಿಸಿಕೊಳ್ಳುತ್ತದೆ. ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನಾಳೆಯೇ ಕರೆದುಕೊಂಡು ಬನ್ನಿ. ಆಧಾರ್, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಇಲ್ಲಿಂದಲೇ ರೆಫರಲ್ ಬರೆಸಿಕೊಂಡು ಹೋಗಿ.