ಅಗಸೆಯ ಬಣ್ಣ ಬಿಡಿ, ಡಬ್ಬಿ ತೆರೆದು ಮೂಸಿ ನೋಡಿ

ಪ್ರಶ್ನೆ: ಅಕ್ಕನವರೇ, ನಮ್ಮದು ಶಹಾಪುರ ತಾಲ್ಲೂಕಿನ ಹಳ್ಳಿ. ಬೆಂಗಳೂರಿನಲ್ಲಿರುವ ಮಗಳು ದೀಪಾವಳಿಗೆ ಬಂದಾಗ ಹೊಂಬಣ್ಣದ ಅಗಸೆ ತಂದಿದ್ದಳು. ನಮ್ಮ ಹೊಲದ ಕಂದು ಅಗಸೆಗಿಂತ ಇದರಲ್ಲಿ ಸತ್ವ ಹೆಚ್ಚು, ಇನ್ನು ಇದನ್ನೇ ತಿನ್ನಿ ಎನ್ನುತ್ತಾಳೆ. ಬೆಲೆ ನಮ್ಮದರ ಮೂರು ಪಟ್ಟು! ಮನೆಯಲ್ಲಿ ಇನ್ನೂ ಎರಡು ಸೇರು ಕಂದು ಕಾಳಿದೆ. ಏನು ಮಾಡಲಿ?

ಉತ್ತರ: ತಂಗೀ, ಆ ಎರಡು ಸೇರನ್ನು ಯಾರಿಗೂ ಕೊಟ್ಟುಬಿಡಬೇಡಿ. ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ತಿನ್ನಿ. ಕಾಳಿನ ಬಣ್ಣ ಅದರ ಸಿಪ್ಪೆಯದು, ಒಳಗಿನ ಸತ್ವಕ್ಕೂ ಅದಕ್ಕೂ ಅಷ್ಟೇನೂ ನಂಟಿಲ್ಲ. ಕಂದಾಗಲಿ ಹೊಂಬಣ್ಣದ್ದಾಗಲಿ, 100 ಗ್ರಾಂ ಅಗಸೆಯಲ್ಲಿ ಸುಮಾರು 40 ಗ್ರಾಂ ಎಣ್ಣೆ, 18ರಿಂದ 20 ಗ್ರಾಂ ಪ್ರೋಟೀನ್, 27 ಗ್ರಾಂ ನಾರು ಇರುತ್ತದೆ. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಫಾ ಲಿನೋಲೆನಿಕ್ ಆಮ್ಲ. ಮಗಳು ಹೇಳುವ ಒಮೆಗಾ-3 ಇದೇ. ಮೀನಿನಲ್ಲಿರುವ ಒಮೆಗಾ-3 ಬೇರೆ, ಅಗಸೆಯದರಲ್ಲಿ ಸ್ವಲ್ಪ ಪಾಲನ್ನು ಮಾತ್ರ ನಮ್ಮ ದೇಹ ಆ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ.

ಹಾಗಾದರೆ ಅಗಸೆ ಎಲ್ಲವೂ ಒಂದೆಯೇ? ಅಲ್ಲ. ತಳಿಯಿಂದ ತಳಿಗೆ, ಹೊಲದಿಂದ ಹೊಲಕ್ಕೆ ವ್ಯತ್ಯಾಸವಿದೆ. ಕಾಳು ತುಂಬುವಾಗ ಚಳಿ ಇದ್ದರೆ ಈ ಆಮ್ಲದ ಪಾಲು ಏರುತ್ತದೆ, ಸೆಕೆ ಇದ್ದರೆ ಇಳಿಯುತ್ತದೆ. ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ಹಿಂಗಾರಿಯಲ್ಲಿ ಕಡಲೆಯ ನಡುವೆ ಅಗಸೆಯ ಸಾಲು ಹಾಕುತ್ತಿದ್ದರು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಆ ಸಾಲುಗಳೆಲ್ಲ ನೀಲಿ ಹೂ ಬಿಟ್ಟಿರುತ್ತಿದ್ದವು. ಬಿತ್ತನೆ ತಡವಾದರೆ ಅಪ್ಪ ಚಡಪಡಿಸುತ್ತಿದ್ದುದು ಇಳುವರಿಗಾಗಿ. ಕಾಳಿನೊಳಗಿನ ಎಣ್ಣೆಗೂ ಆ ಚಳಿ ಬೇಕು ಎಂಬುದು ನನಗೆ ತಿಳಿದದ್ದು ಗೃಹವಿಜ್ಞಾನ ಓದುವಾಗ.

ಬಣ್ಣ ನೋಡಿ ಕೊಳ್ಳುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆಸ್ಟ್ರೇಲಿಯಾದ ವಿಜ್ಞಾನಿಗಳು ಅಡುಗೆ ಎಣ್ಣೆಗೆಂದು ಲಿನೋಲಾ ಎಂಬ ಅಗಸೆಯನ್ನು ರೂಪಿಸಿದರು. ಅದರ ಎಣ್ಣೆಯಲ್ಲಿ ಒಮೆಗಾ-3 ಶೇ. 5ಕ್ಕಿಂತ ಕಡಿಮೆ. ಸಾಮಾನ್ಯ ಅಗಸೆಯಿಂದ ಬೇರೆಯಾಗಿ ಕಾಣಲಿ ಎಂದು ಅದಕ್ಕೆ ಇಟ್ಟ ಬಣ್ಣ ಹಳದಿ! ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೂ ಹೀಗೆಯೇ ಒಮೆಗಾ-3 ಕಡಿಮೆ ಇರುವ ಟಿಎಲ್-99 ಎಂಬ ತಳಿಯನ್ನು ಕೊಟ್ಟಿದೆ. ಅವು ಕೆಟ್ಟ ತಳಿಗಳಲ್ಲ, ಅವುಗಳ ಕೆಲಸ ಬೇರೆ. ಮಗಳು ತಂದದ್ದು ಅದೇ ಎಂದು ನಾನು ಹೇಳುತ್ತಿಲ್ಲ. ಪೊಟ್ಟಣದ ಮೇಲೆ ಒಮೆಗಾ-3 ಎಷ್ಟು ಗ್ರಾಂ ಎಂದು ಬರೆದಿದೆಯೋ ನೋಡಿ, 100 ಗ್ರಾಂ ಕಾಳಿಗೆ 20ರ ಆಸುಪಾಸಿನಲ್ಲಿದ್ದರೆ ಅದು ನಿಮ್ಮ ಹೊಲದ ಅಗಸೆಯ ಒಡಹುಟ್ಟೇ.

ಒಮೆಗಾ-3 ಕಡಿಮೆ ಮಾಡಿ ತಳಿ ಏಕೆ ಮಾಡಿದರು? ಈ ಆಮ್ಲ ಗಾಳಿ ತಾಕಿದರೆ ಬೇಗ ಕೆಡುತ್ತದೆ. ಮರದ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿದರೆ ಒಣಗಿ ಪೊರೆ ಕಟ್ಟುವುದೂ ಇದೇ ಗುಣದಿಂದ. ನನ್ನ ಚಿಂತೆ ಇರುವುದು ಇಲ್ಲಿ. ಇಡೀ ಕಾಳು ಸಿಪ್ಪೆಯ ಕಾವಲಿನಲ್ಲಿ ಒಣ ಡಬ್ಬಿಯಲ್ಲಿ ವರ್ಷದವರೆಗೆ ಚೆನ್ನಾಗಿರುತ್ತದೆ. ಪುಡಿ ಮಾಡಿದಿರೋ, ಅಂದಿನಿಂದಲೇ ಎಣಿಕೆ ಶುರು. ನಮ್ಮ ಕಲಬುರಗಿ, ಯಾದಗಿರಿ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಅಡುಗೆಮನೆಯ ಹಲಗೆಯ ಮೇಲೆ ತಿಂಗಳುಗಟ್ಟಲೆ ಕುಳಿತ ಹಿಂಡಿ, ಹೊಂಬಣ್ಣದ ಕಾಳಿನದಾದರೂ ಕಮಟು ಹಿಡಿಯುತ್ತದೆ. ನಮ್ಮವ್ವ ಒಂದು ವಾರಕ್ಕೆ ಆಗುವಷ್ಟೇ ಕುಟ್ಟುತ್ತಿದ್ದಳು. ಕಾಳು ಚಟಪಟ ಎನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿದರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಹಸಿ ಅಗಸೆಯಲ್ಲಿ ಅಲ್ಪ ಪ್ರಮಾಣದಲ್ಲಿರುವ ಸಯನೈಡ್ ಜನಕ ಅಂಶಗಳು ಹುರಿದಾಗ ತಗ್ಗುತ್ತವೆ, ಆದ್ದರಿಂದ ಹುರಿಯುವುದನ್ನು ಬಿಡಬೇಡಿ. ಕರಕಲು ಮಾಡಬೇಡಿ.

ಮಗಳ ಅಗಸೆಯನ್ನೂ ಬಳಸಿ. ಅದರ ರುಚಿ ಮೆದು, ಚಪಾತಿ ಹಿಟ್ಟಿನಲ್ಲಿ ಬಣ್ಣ ತೋರುವುದಿಲ್ಲ. ಆದರೆ ಜೋಳದ ರೊಟ್ಟಿಗೆ ಹಿಂಡಿ ಎಂದರೆ ನನಗೆ ಕಂದು ಕಾಳಿನದೇ ಬೇಕು. ಮೂರು ಪಟ್ಟು ದುಡ್ಡು ಕೊಡುವ ಬದಲು ಆ ಹಣಕ್ಕೆ ಮನೆಗೆ ಒಂದಿಷ್ಟು ಸೊಪ್ಪು, ಹಣ್ಣು ತನ್ನಿ.

ಪ್ರಶ್ನೆ: ಬೀದರ್‌ನಿಂದ ಬರೆಯುತ್ತಿದ್ದೇನೆ, ವಯಸ್ಸು 61. ಮೂರು ತಿಂಗಳಿಂದ ಬೆಳಿಗ್ಗೆ ಒಂದು ಚಮಚ ಇಡೀ ಅಗಸೆಯನ್ನು ನೀರಿನೊಂದಿಗೆ ನುಂಗುತ್ತಿದ್ದೇನೆ. ಸರಿಯೇ?

ಉತ್ತರ: ಅಣ್ಣನವರೇ, ಅಗಿಯದೆ ನುಂಗಿದ ಕಾಳು ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಮಲಬದ್ಧತೆಗೆ ಸ್ವಲ್ಪ ಅನುಕೂಲವಾದೀತು, ಎಣ್ಣೆಯ ಸತ್ವ ಸಿಗುವುದಿಲ್ಲ. ಪುಡಿ ಮಾಡಿ ತಿನ್ನಿ. ಒಂದು ದೊಡ್ಡ ಚಮಚ ಪುಡಿ ಸುಮಾರು 7 ಗ್ರಾಂ, ಅದರಲ್ಲಿ ಒಂದೂವರೆ ಗ್ರಾಂನಷ್ಟು ಒಮೆಗಾ-3 ಸಿಗುತ್ತದೆ. ಜೊತೆಗೆ ನೀರು ಚೆನ್ನಾಗಿ ಕುಡಿಯಿರಿ, ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೂ ಅಗಸೆಗೂ ಒಂದೆರಡು ಗಂಟೆ ಅಂತರವಿರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ.