9 ಲಕ್ಷದಲ್ಲಿ ಮೇಲಿನ ಮನೆ ಆಗುತ್ತಾ?

ಪ್ರಶ್ನೆ: ನಾವು ವಿಜಯಪುರ ಕಡೆಯವರು. ಪುಣೆಯ ಧನಕವಡಿಯಲ್ಲಿ ನಮ್ಮ ಮಾವ 1998ರಲ್ಲಿ ಕಟ್ಟಿಸಿದ ಮನೆ ಇದೆ, ಬರೀ ಕೆಳಗಿನ ಅಂತಸ್ತು. ಮೈದುನನ ಮದುವೆ ನಿಶ್ಚಯವಾಗಿದೆ. ಮೇಲೆ ಒಂದು ಹಾಲ್, ಒಂದು ಬೆಡ್‌ರೂಮ್, ಬಾತ್‌ರೂಮ್ ಸೇರಿ 450 ಚದರಡಿ ಕಟ್ಟಿಸಬೇಕು. ಗುತ್ತಿಗೆದಾರರು ಸಾಮಾನು ಸಮೇತ ಚದರಡಿಗೆ 1,900 ರೂಪಾಯಿ ಹೇಳಿದ್ದಾರೆ. ಅಂದರೆ 8,55,000. ನಮ್ಮ ಹತ್ತಿರ 9 ಲಕ್ಷ ಇದೆ. ಸಾಕಾಗುತ್ತಾ?
– ಓದುಗರೊಬ್ಬರು, ಪುಣೆ

ಉತ್ತರ: ಸಾಕಾಗಲ್ಲ. ಆದರೆ ದುಡ್ಡಿನ ಮಾತು ಆಮೇಲೆ. ನಿಮ್ಮ ಕೆಳಗಿನ ಮನೆ ಮೇಲಿನ ಭಾರ ಹೊರುತ್ತಾ ಅಂತ ಯಾರಾದರೂ ನೋಡಿದ್ದಾರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. 5 ಇಂಚಿನ ಸ್ಲ್ಯಾಬ್ ಒಂದೇ, 450 ಚದರಡಿಗೆ, ಸುಮಾರು 13 ಟನ್ ತೂಗುತ್ತದೆ. ಗೋಡೆ, ಬೀಮ್, ಟೈಲ್ಸ್ ಬೇರೆ. ಆಗಿನ ಕಾಲದ ಮನೆಗಳಲ್ಲಿ ಕಾಲಂ ಇಲ್ಲದೆ ಗೋಡೆಯ ಮೇಲೆಯೇ ಸ್ಲ್ಯಾಬ್ ಕೂರಿಸಿದ್ದು ಬೇಕಾದಷ್ಟಿವೆ. ಕಾಲಂ ಇದ್ದರೂ, ಮುಂದೆ ಕಟ್ಟೋಣ ಅಂತ ಟೆರೇಸಿನಲ್ಲಿ ಬಿಟ್ಟ ಸರಳುಗಳು ಇಷ್ಟು ವರ್ಷದ ಮಳೆಗೆ ತುಕ್ಕು ಹಿಡಿದು ಸವೆದಿರುತ್ತವೆ, ಅವಕ್ಕೇ ಹೊಸ ಸರಳು ಕಟ್ಟಿ ಮೇಲೇರಿಸಿದರೆ ಆಮೇಲೆ ದೇವರೇ ಗತಿ. ಸ್ಟ್ರಕ್ಚರಲ್ ಇಂಜಿನಿಯರ್ ಬಂದು, ಪ್ಲಾಸ್ಟರ್ ಒಡೆದು ನೋಡಿ, ಲೆಕ್ಕ ಹಾಕಿ ಕೊಡಲಿ. ಮೊದಲ ಖರ್ಚು ಇದು. ಗುತ್ತಿಗೆದಾರರ ‘ಏನಾಗಲ್ಲ ಬಿಡ್ರಿ’ ಲೆಕ್ಕಕ್ಕೆ ಬರಲ್ಲ.

ಈಗ ಆ 1,900ರ ವಿಷಯ. ಯಾವುದರ ಮೇಲೆ 1,900? ನೀವು ಹೇಳುವ 450 ಒಳಗಿನ ಜಾಗ. ಅವರು ಬಿಲ್ ಹಾಕುವಾಗ ಸ್ಲ್ಯಾಬ್ ಅಳೆಯುತ್ತಾರೆ, ಅದರಲ್ಲಿ ಗೋಡೆಯ ದಪ್ಪ, ಬಾಲ್ಕನಿ, ಮೆಟ್ಟಿಲು, ಕೆಲವರದ್ದಾದರೆ ಕಿಟಕಿ ಮೇಲಿನ ಛಜ್ಜಾ ಕೂಡ ಸೇರಿ 540 ಆಗಿಬಿಡುತ್ತದೆ. 540ಕ್ಕೆ 10,26,000. ಕೆಲಸ ಶುರುವಾಗುವ ಮುಂಚೆಯೇ 1,71,000 ಜಾಸ್ತಿ! ಅದರ ಮೇಲೆ ‘ಜಿಎಸ್‌ಟಿ ಬೇರೆ’ ಅಂದರೆ ಸಾಮಾನು ಸಮೇತದ ಗುತ್ತಿಗೆಗೆ 18 ಪರ್ಸೆಂಟ್. ಹಾಗಾಗಿ ಅಳತೆ ಯಾವುದು, ತೆರಿಗೆ ಒಳಗೋ ಹೊರಗೋ, ಎರಡನ್ನೂ ಬರೆಸಿಕೊಳ್ಳಿ.

ಆಮೇಲೆ ರೇಟಿನಲ್ಲಿ ಬರದ ಕೆಲಸಗಳು. ಟೆರೇಸಿನ ನೀರಿನ ಟ್ಯಾಂಕ್ ಎತ್ತಿ ಹೊಸ ಸ್ಲ್ಯಾಬ್ ಮೇಲೆ ಇಡಬೇಕು, ಪೈಪ್‌ಲೈನ್ ಪೂರ್ತಿ ಬದಲಿಸಬೇಕು. 1,000 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್, ಅದನ್ನೂ ಇಂಜಿನಿಯರ್‌ಗೆ ಹೇಳಿ. ಕಿಟಕಿ ಗ್ರಿಲ್, ಮೆಟ್ಟಿಲ ಕಟಾಂಜನ, ವೈರಿಂಗ್, ಬೇಸಿಗೆಯಲ್ಲಿ ಹೊಸ ಕಾಂಕ್ರೀಟ್ ಒದ್ದೆಯಾಗಿಡುವ ಕ್ಯೂರಿಂಗ್‌ಗೆ ಟ್ಯಾಂಕರ್ ನೀರು, ಮೇಲಿನ ಕೆಲಸದಿಂದ ಹಾಳಾದ ಕೆಳಗಿನ ಮನೆಗೆ ಮತ್ತೆ ಬಣ್ಣ. ಮತ್ತೆ ಟೆರೇಸಿನ ವಾಟರ್‌ಪ್ರೂಫಿಂಗ್, ಇಲ್ಲಿಯವರು ಇಟ್ಟಿಗೆ ಚೂರು, ಸಿಮೆಂಟ್ ಹಾಸಿ ಮಾಡುವ ಬ್ರಿಕ್ ಬ್ಯಾಟ್ ಕೋಬಾ. ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. ಗುತ್ತಿಗೆದಾರ ನಮ್ಮ ಯಾದಗಿರಿ ಕಡೆಯವನು, ಕನ್ನಡ ಮಾತಾಡ್ತಾನೆ ಅಂತ ಖುಷಿಯಲ್ಲಿ ಕಾಗದ ಮಾಡಿಸಲಿಲ್ಲ. ಜೂನ್ ಮೊದಲ ಮಳೆಗೆ ಹೊಸ ಬೆಡ್‌ರೂಮಿನಲ್ಲಿ ಬಕೆಟ್ ಇಟ್ಟೆವು. ಫೋನ್ ಮಾಡಿದರೆ, ‘ಅದು ನಮ್ಮ ರೇಟಿನಾಗ ಇರಲಿಲ್ಲರೀ ಸರ್.’ ನಿಜವೇ, ಇರಲಿಲ್ಲ!

ಪರವಾನಗಿ ಇಲ್ಲದೆ ಕೈಹಾಕಬೇಡಿ. ನಿಮ್ಮದು ಗುಂಠೇವಾರಿ ಜಾಗವಾಗಿದ್ದರೆ, ಅಂದರೆ ಲೇಔಟ್ ಮಂಜೂರಾಗದೆ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ್ದಾದರೆ, 2001ರ ಗುಂಠೇವಾರಿ ಕಾಯ್ದೆಯಲ್ಲಿ ಮನೆ ಸಕ್ರಮ ಆಗಿದೆಯಾ ನೋಡಿ. ಮಂಜೂರಾದ ನಕ್ಷೆ ಇಲ್ಲದೆ ಬ್ಯಾಂಕಿನವರು ಸಾಲ ಕೊಡಲ್ಲ. ಆಗ ಪರ್ಸನಲ್ ಲೋನ್ ದಾರಿ ಹಿಡಿದರೆ ಬಡ್ಡಿ ಕುತ್ತಿಗೆಗೆ ಬರುತ್ತದೆ.

ನನ್ನ ಲೆಕ್ಕದಲ್ಲಿ 13 ಲಕ್ಷ ಹಿಡಿಯಿರಿ, ಅದರಲ್ಲಿ ಒಂದೂವರೆ ಲಕ್ಷ ಮುಟ್ಟದೆ ಬದಿಗಿಡಿ. ಅಷ್ಟು ಇಲ್ಲದಿದ್ದರೆ ಇಂಜಿನಿಯರ್ ಒಪ್ಪಿದ ಮೇಲೆ ಸ್ಲ್ಯಾಬ್, ಗೋಡೆ, ವಾಟರ್‌ಪ್ರೂಫಿಂಗ್ ಪೂರ್ತಿ ಮಾಡಿಸಿ, ಬೆಡ್‌ರೂಮ್ ಮತ್ತು ಬಾತ್‌ರೂಮ್ ಮಾತ್ರ ಮುಗಿಸಿ. ಹಾಲಿನ ಟೈಲ್ಸ್, ಬಣ್ಣ ದೀಪಾವಳಿಗೆ ಆಗಲಿ, ಹೊಸ ಜೋಡಿ ಏನೂ ಬೇಜಾರು ಮಾಡಿಕೊಳ್ಳಲ್ಲ. ಹಣವನ್ನು ಕೆಲಸ ಆದಷ್ಟೇ ಕೊಡಿ, ಕೊನೆಯ 10 ಪರ್ಸೆಂಟ್ ಒಂದು ಮಳೆ ನೋಡಿದ ಮೇಲೆ. ಮದುವೆ ತಾರೀಖಿನ ಅವಸರಕ್ಕೆ ಸ್ಲ್ಯಾಬಿನ ಸೆಂಟ್ರಿಂಗ್ (ಕೆಳಗೆ ಆಧಾರಕ್ಕೆ ಕೊಟ್ಟ ಹಲಗೆ, ಕಂಬ) ಬೇಗ ಬಿಚ್ಚಲು ಬಿಡಬೇಡಿ. ಕೋಣೆ ನಾಲ್ಕೂವರೆ ಮೀಟರ್‌ಗಿಂತ ಅಗಲ ಇದ್ದರೆ ಆಧಾರದ ಕಂಬಗಳು 14 ದಿನ ಇರಲೇಬೇಕು. ಮದುವೆ ಯಾವ ತಿಂಗಳು ಅಂತ ನೀವು ಬರೆದಿಲ್ಲ. ಮೇ ಆದರೆ, ಹುಡುಗನಿಗೆ ಸದ್ಯ ಬಾಡಿಗೆ ಮನೆ ನೋಡಿ.